ಬಗ್ಗದ ಕೊಳವೆ

ಮಳೆ ಮಧ್ಯಾಹ್ನವೇ ಹಿಡಿದಿತ್ತು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಮೊಣಕಾಲು ಮುಟ್ಟುವಷ್ಟು ನೀರು ನಿಂತಿದ್ದರಿಂದ, ತಂಬಾಕು ಸೇದುವ ಪೈಪು ಮಾಡಿ ಮಾರುವ ಆ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಮನೆಯವರೆಲ್ಲ ಹಿಂದಿನ ಕೆಲಸದ ಕೋಣೆಯಲ್ಲಿ ಸೇರಿಕೊಂಡಿದ್ದರು. ಮೇಣ, ಮರದ ಹೊಟ್ಟು, ಸ್ಪಿರಿಟ್ಟು ಬೆರೆತ ವಾಸನೆ. ಗೋಡೆಯ ಹಲಗೆಗಳಿಗೆ ಸಾಲಾಗಿ ತೂತು ಕೊರೆದಿತ್ತು. ತೂತಿಗೊಂದರಂತೆ ಅರ್ಧ ಮುಗಿದ ಪೈಪುಗಳು ತಲೆಕೆಳಗಾಗಿ ನಿಂತಿದ್ದವು.

ಸೊಸೆ ಮುಖ ದಪ್ಪ ಮಾಡಿಕೊಂಡು ಕಿಟಕಿಯ ಬಳಿ ಕೂತಿದ್ದಳು. ಮದುವೆಯಾಗಿ ಬಂದವಳು ಅಂಗಡಿಯ ಗಲ್ಲಾದಲ್ಲಿ ಕೂರಲು ತೊಡಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಳೆಗೆ ಮುಂಚೆ ಒಬ್ಬ ಗಿರಾಕಿ ಬಂದು, ತೀರಿಕೊಂಡ ತನ್ನ ಅಣ್ಣನ ನೇರ ಪೈಪನ್ನು ಬಗ್ಗಿಸಿಕೊಡಿ ಎಂದಿದ್ದ. ಅವಳು ಒಪ್ಪಿಕೊಂಡಿದ್ದಳು. ಮಾವ ಒಳಗಿನಿಂದ ಬಂದವರು ಪೈಪನ್ನು ಅವನ ಕೈಗೇ ಹಿಂತಿರುಗಿಸಿ, ಆಗುವುದಿಲ್ಲ ಎಂದುಬಿಟ್ಟಿದ್ದರು. ಗಿರಾಕಿ ಅವಳ ಕಡೆ ನೋಡಿದ ನೋಟ ಇನ್ನೂ ಚುಚ್ಚುತ್ತಿತ್ತು.

"ಕಾರಣ ಹೇಳಿದ್ರೆ ನಾನೂ ಕಲಿತೀನಿ ಮಾವ. ಬಿಸಿ ಮಾಡಿ ಬಗ್ಗಿಸೋದು ನಮಗೆ ಗೊತ್ತಿಲ್ದೇ ಇರೋ ಕೆಲ್ಸವಾ?"

ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಅಜ್ಜಿ ಕೆಮ್ಮಿದರು. ಅವರು ಮಾವನ ಸೋದರತ್ತೆ. ಕಣ್ಣು ಮಂಜಾಗುವವರೆಗೆ ಈ ಅಂಗಡಿಯ ಪ್ರತಿ ಪೈಪಿಗೂ ಬಣ್ಣ, ಮೆರುಗು ಕೊಟ್ಟವರು.

"ಇವಳಿಗೆ ಯಾರೂ ಹೇಳಿಲ್ವೇನೋ?"

"ಈ ಮಳೇಲಿ ಅದೆಲ್ಲ ಬೇಡ ಅತ್ತೆ."

"ಮಳೇಲಿ ಬೇಡ, ಬಿಸಿಲಲ್ಲಿ ನಿನಗೆ ಪುರುಸೊತ್ತಿಲ್ಲ. ನಾನು ಸತ್ತ ಮೇಲೆ ಬಂದು ಹೇಳ್ಲೇನೋ?" ಎಂದ ಅಜ್ಜಿ ಸೊಸೆಯ ಕಡೆ ತಿರುಗಿದರು. "ಹತ್ರ ಬಾ ಮಗಳೇ. ನನ್ನ ಗಂಟ್ಲು ಈ ಮಳೆ ಜೊತೆ ಜಗಳ ಆಡೋಕಾಗಲ್ಲ."

ಸೊಸೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಅವಳ ಗಂಡನೂ ಉಳಿ ಕೆಳಗಿಟ್ಟ.

"ಪೈಪು ಅನ್ನೋದು ಚಪ್ಪಲಿ ಇದ್ದ ಹಾಗಲ್ಲ, ಅಳತೆ ನೋಡಿ ಕೊಡೋಕೆ. ಒಬ್ಬನಿಗೆ ನೇರ ಕೊಳವೆ ಬೇಕು, ಕಚ್ಚಿಕೊಂಡ್ರೆ ಈಟಿ ಹಾಗೆ ಮುಂದಕ್ಕೆ ನಿಲ್ಬೇಕು. ಇನ್ನೊಬ್ಬನಿಗೆ ಬಗ್ಗಿದ್ದೇ ಆಗ್ಬೇಕು, ಗದ್ದದ ಕೆಳಗೆ ಆರಾಮಾಗಿ ತೂಗ್ತಿರ್ಬೇಕು. ಒಬ್ಬನಿಗೆ ತಂಬಾಕು ತುಂಬೋ ಬಟ್ಟಲು ಗಾಜಿನ ಹಾಗೆ ನುಣ್ಣಗಿದ್ದು ಮರದ ಗೆರೆ ಒಂದೊಂದೂ ಕಾಣ್ಬೇಕು. ಇನ್ನೊಬ್ಬನಿಗೆ ತೊಗಟೆ ಹಾಗೆ ಒರಟಾಗಿ, ಕಪ್ಪಾಗಿ, ಹೆಬ್ಬೆರಳಿಗೆ ಆಡೋಕೆ ಏನಾದ್ರೂ ಸಿಗ್ತಿರ್ಬೇಕು. ಯಾಕಪ್ಪಾ ಅಂತ ಕೇಳಿ ನೋಡು, ಒಬ್ಬನಿಗೂ ಗೊತ್ತಿರಲ್ಲ. ಹೆಂಡತೀನ ಯಾಕೆ ಮೆಚ್ಚಿದೆ ಅಂದ್ರೆ ಹೇಳ್ತಾರೆ, ಇದನ್ನ ಹೇಳಲ್ಲ."

"ಅದನ್ನೂ ಹೇಳೋದು ಕಷ್ಟ ಅಜ್ಜಿ" ಎಂದ ಸೊಸೆಯ ಗಂಡ. ಅವಳು ನೋಡದೆಯೇ ಅವನ ತೋಳಿಗೊಂದು ಕೊಟ್ಟಳು.

"ನಗು, ನಗು... ನನ್ನ ಕತೇಲೂ ಹೀಗೇ ನಗಿಸೋನು ಒಬ್ಬ ಇದ್ದ. ಬೀದಿ ತುದೀಲಿ ಪ್ರಿಂಟಿಂಗ್ ಪ್ರೆಸ್ ಇದೆಯಲ್ಲ, ಅದರ ಆಗಿನ ಯಜಮಾನರ ಮಗ. ಅಪ್ಪ ಹೇಗೆ ಅಂತೀಯಾ? ನೇರ ಪೈಪು, ನುಣ್ಣನೆ ಬಟ್ಟಲು, ತಿಳಿ ಬಣ್ಣ. ಬೇರೇದನ್ನ ಕಣ್ಣೆತ್ತಿ ನೋಡಿದವರಲ್ಲ. ಮಾತಾಡೋದು ಕಡಿಮೆ. ಏನು ಬೇಕಾದ್ರೂ ಕೊಳವೆ ತುದಿಯಿಂದ ತೋರಿಸೋದು... ಅದು ತಾ, ನೀನು ಹೋಗು, ಅಲ್ಲಿ ಕೂರು. ಮೇಲ್ಗಡೆ ಎಡಗಡೆ ಒಂದು ಹಲ್ಲಿರಲಿಲ್ಲ ಅವರಿಗೆ, ಅದಕ್ಕೇ ಕೊಳವೆ ಮೇಲೆ ಬಿದ್ದ ಹಲ್ಲಿನ ಗುರುತಿನ ಸಾಲಲ್ಲೂ ಒಂದು ಸಂದು. ಮಗನ ಹೆಂಡ್ತೀನ ಹೆಸರು ಹಿಡಿದು ಕರೆದವರೇ ಅಲ್ಲ. 'ಏ' ಅಂದ್ರೆ ಮುಗೀತು. ಮಗ ಮಾತ್ರ ಅವಳನ್ನ ಗುಬ್ಬೀ ಗುಬ್ಬೀ ಅಂತಿದ್ದ. ನಮ್ಮ ಅಂಗಡಿ ಗಾಜಿನ ಮುಂದೆ ನಿಂತು, ಕಪ್ಪನೆ, ಒರಟು ಮೈಯಿನ, ಬಗ್ಗಿದ ಪೈಪು ನೋಡ್ತಾ ಕಣ್ಣಲ್ಲೇ ತಿಂದುಬಿಡೋನು. ಕೊಳ್ಳೋಕೆ ಅಪ್ಪ ಬಿಟ್ರೆ ತಾನೇ? ಬಗ್ಗಿದ ಪೈಪು ಸೋಮಾರಿಗಳದ್ದು ಅನ್ನೋರು.

"ಅಪ್ಪ ಸತ್ರು. ಮಗ ಅವರ ಪೈಪು ತನ್ನ ಬಾಯಿಗಿಟ್ಟ. ಪ್ರೀತಿಯೋ ಹೆದರಿಕೆಯೋ, ಅದನ್ನ ಎಸೆಯೋಕೆ ಅವನಿಗೆ ಮನಸ್ಸಿಲ್ಲ. ಆಗ ಗುಬ್ಬಿ ಇಲ್ಲಿಗೆ ಬಂದ್ಲು. ಇದೇ ಕೋಣೆಗೆ, ನೀನು ಕೂತಿದ್ದೀಯಲ್ಲ, ಅಲ್ಲೇ ಕೂತ್ಲು. 'ಅಕ್ಕಾ, ಅದು ಬಾಯಲ್ಲಿದ್ದಾಗ ಇವರು ನಗಲ್ಲ. ಹೊಸದು ಕೊಂಡ್ರೂ ಹಳೇದು ಮನೇಲೇ ಇರುತ್ತೆ. ಇದನ್ನೇ ಬೇರೆ ಮಾಡಿಕೊಡಿ, ಗುರುತೇ ಸಿಗಬಾರ್ದು. ನನಗೆ ನನ್ನ ಗಂಡ ಬೇಕು ಅಕ್ಕಾ, ಮಾವ ಬೇಡ' ಅಂದ್ಲು. ತಪ್ಪೇನಿದೆ ಹೇಳು? ಯಾವ ಹೆಂಗಸು ಕೇಳಲ್ಲ ಅದನ್ನ?

"ನನ್ನ ಅಣ್ಣ, ಅಂದ್ರೆ ನಿನ್ನ ಮಾವನ ಅಪ್ಪ, ರಬ್ಬರಿನ ಕೊಳವೆ ಒಳಗೆ ತಂತಿ ತೂರಿಸಿ, ಬಿಸಿ ಮರಳಲ್ಲಿ ಹೂತು, ಮೆತ್ತಗಾದ ಮೇಲೆ ದಿಮ್ಮಿ ಮೇಲೆ ಬಗ್ಗಿಸಿ ತಣ್ಣೀರಿಗೆ ಹಾಕ್ದ. ಬಿಸಿಗೆ ಹಲ್ಲಿನ ಗುರುತೆಲ್ಲ ಉಬ್ಬಿ ಸಮ ಆಯ್ತು. ಬಟ್ಟಲನ್ನ ಒರಟಾಗಿ ಕೆತ್ತಿದ, ನಾನು ಕಪ್ಪು ಬಣ್ಣ ಕೊಟ್ಟೆ. ಗುಬ್ಬಿ ಅದನ್ನ ಹಿಡ್ಕೊಂಡು ಹಗುರಾಗಿ ಹೋದ್ಲು, ಬಾಗ್ಲಲ್ಲಿ ತಿರುಗಿ ನಕ್ಕಳು ಕೂಡ.

"ಸ್ವಲ್ಪ ದಿನಕ್ಕೆ ವಾಪಸ್ ಬಂದ್ಲು. ಕೊಳವೆ ನೇರ ಆಗಿದೆ! ಅಣ್ಣ ನಕ್ಕುಬಿಟ್ಟ. 'ಗಟ್ಟಿ ರಬ್ಬರಮ್ಮಾ ಇದು. ಬಿಸಿ ತಾಗಿದ್ರೆ ಹಳೇ ಆಕಾರಕ್ಕೆ ತಿರುಗುತ್ತೆ. ಬಿಸಿಲಿಗೆ ಇಟ್ಟಿರ್ತೀರಿ' ಅಂದ. ಸುಳ್ಳಲ್ಲ, ರಬ್ಬರಿನ ಗುಣವೇ ಅದು. ಮತ್ತೆ ಬಗ್ಗಿಸಿದ. ಮತ್ತೆ ಬಂದ್ಲು. ಈ ಸಲ ಮೇಜಿನ ಮೇಲೆ ಇಟ್ಟಳು. ಅಣ್ಣ ಎತ್ತಿ ಬೆಳಕಿಗೆ ಹಿಡಿದ... ನಗ್ಲಿಲ್ಲ. ಕೊಳವೆ ನೇರ ಆಗಿದ್ದಷ್ಟೇ ಅಲ್ಲ, ಹಲ್ಲಿನ ಗುರುತು ತಿರುಗಿ ಬಂದಿತ್ತು. ಬಿಸಿಗೆ ಗುರುತು ಹೋಗುತ್ತೆ ಮಗಳೇ, ಬರೋದು ಎಲ್ಲಾದ್ರೂ ಉಂಟಾ? ಮಗ ಕಚ್ಚಿದ್ದು ಅನ್ನೋಣ ಅಂದ್ರೆ, ಅವನಿಗೆ ಹಲ್ಲೆಲ್ಲ ಗಟ್ಟಿಯಾಗಿತ್ತು. ಈ ಸಾಲಲ್ಲಿ ಸಂದು ಇತ್ತು. ಎಡಗಡೆ. ಬಟ್ಟಲಿನ ಒರಟು ಸವೆದು ನುಣ್ಣಗಾಗಿತ್ತು. ರಬ್ಬರಿಗೆ ನೆನಪಿರುತ್ತೆ, ಒಪ್ಪೋಣ. ಕೆತ್ತಿ ತೆಗೆದ ಮರಕ್ಕೆ?"

ಸೊಸೆಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತ ರಬ್ಬರಿನ ಪಾಠ ನೆನಪಾಯಿತು. ಅದರಲ್ಲಿ ಕೊಳವೆ ನೇರವಾಗುವುದಕ್ಕೆ ಉತ್ತರವಿತ್ತು, ಹಲ್ಲಿನ ಗುರುತಿಗೆ ಇರಲಿಲ್ಲ. ಅವಳು ಗಂಡನ ಕಡೆಗೆ ಸ್ಟೂಲನ್ನು ಸ್ವಲ್ಪ ಸರಿಸಿಕೊಂಡಳು.

"ಅಲ್ಲಿಗೇ ಬಿಡ್ಬೇಕಾಗಿತ್ತು ಅಣ್ಣ. ಆದ್ರೆ ಅವನಿಗೆ ಹಟ. ಮರಳು, ಬಿಸಿ ಏನೂ ಬೇಡ ಅಂತ, ಹುಟ್ಟುತ್ಲೇ ಬಾಗಿದ ಒಂದು ಕೊಂಬು ತಗೊಂಡು, ಎರಡೂ ತುದಿಯಿಂದ ಕೊರೆದು ನಡುವೆ ತೂತು ಕೂಡಿಸಿ, ಹೊಸ ಕೊಳವೆ ಮಾಡ್ದ. 'ನೇರ ಅಂದ್ರೆ ಏನು ಅಂತ್ಲೇ ಇದಕ್ಕೆ ಗೊತ್ತಿಲ್ಲ, ಈಗ ಹೇಗೆ ತಿರುಗುತ್ತೋ ನೋಡ್ತೀನಿ' ಅಂದ. ಬಟ್ಟಲನ್ನ ಇನ್ನೂ ಆಳಕ್ಕೆ ಕೆತ್ತಿದ. ಗುಬ್ಬಿ ಹಳೇ ಕೊಳವೇನ ಮೇಜಿಂದ ಎತ್ಕೊಂಡ್ಲು... ಆ ಒಲೆಗೆ ಹಾಕೇಬಿಟ್ಳು. ಗಂಧಕದ ವಾಸನೆ ಎದ್ದು ಕೋಣೇಲಿ ನಿಲ್ಲೋಕಾಗ್ಲಿಲ್ಲ. ರಬ್ಬರು ಸುಟ್ರೆ ಅದೇ ವಾಸನೆ, ಅದರಲ್ಲಿ ವಿಶೇಷ ಇಲ್ಲ. ಆದ್ರೆ ಉರಿಯೋವಾಗ ಅದು ನೆಟ್ಟಗೆ, ಕಡ್ಡಿ ಹಾಗೆ ನಿಂತಿತ್ತು. ಯಾರನ್ನೋ ತೋರಿಸೋ ಹಾಗೆ.

"ಹೊಸ ಕೊಳವೆ ಬಗ್ಗಿದ್ದು ಬಗ್ಗಿದ ಹಾಗೇ ಉಳೀತು. ಗುಬ್ಬಿ ಕುಣಿದಳು. ಅವಳ ಗಂಡ ಬೀದೀಲಿ ಹೋಗೋವಾಗ, ಗದ್ದದ ಕೆಳಗೆ ಪೈಪು ತೂಗಾಡಿಸ್ಕೊಂಡು, ಎರಡು ಕೈಯನ್ನೂ ಜೇಬಲ್ಲಿಟ್ಟು, ಪುಗ್ಗೆ ಹಾಗೆ ತೇಲಾಡ್ಕೊಂಡು ಹೋಗ್ತಿದ್ದ. ನಾವೆಲ್ಲ ಗೆದ್ವಿ ಅಂದ್ಕೊಂಡ್ವಿ. ಒಂದೇ ಒಂದು ಯೋಚ್ನೆ ಯಾರಿಗೂ ಬರ್ಲಿಲ್ಲ... ಸತ್ತ ಯಜಮಾನರು ಇದ್ದಿದ್ದು ಆ ಕೊಳವೇಲಿ. ಅದನ್ನ ಸುಟ್ಟ ಮೇಲೆ, ಎಲ್ಲಿರ್ಬೇಕು ಪಾಪ?

"ಒಂದಿನ ಮಗ ತಾನೇ ಬಂದ. ಹಿಂದೆ ಗುಬ್ಬಿ. ಅವಳ ಮುಖ ನೋಡಿದ ಕೂಡ್ಲೆ ನನ್ನ ಕೈಯಿಂದ ಬಟ್ಟೆ ಜಾರ್ತು. ಅವನು ಕೊಂಬಿನ ಕೊಳವೆಯ ಪೈಪನ್ನ ಗಲ್ಲಾ ಮೇಲೆ ಇಟ್ಟ, ಸತ್ತ ಹಲ್ಲಿ ಇಡೋ ಹಾಗೆ. 'ಇದು ಸೋಮಾರಿಗಳದ್ದು. ನೇರದ್ದು ಕೊಡಿ. ನುಣ್ಣಗಿರ್ಬೇಕು' ಅಂದ. ಮಾತಾಡೋವಾಗ ಬಾಯಿ ತೆರೀತಲ್ಲ... ಮೇಲೆ, ಎಡಗಡೆ, ಹಲ್ಲಿಲ್ಲ! ಊಟಕ್ಕೆ ಕೂತಾಗ ತಟ್ಟೇಲಿ ಬಿತ್ತಂತೆ. ನೋವಿಲ್ಲ, ರಕ್ತ ಇಲ್ಲ. ಅಣ್ಣ ಒಂದು ನೇರ ಪೈಪು ಕೊಟ್ಟ. ಅವನು ಅದರ ತುದಿಯಿಂದ ಗುಬ್ಬಿಗೆ ಬಾಗಿಲು ತೋರಿಸಿ, 'ಏ' ಅಂದ, ಅಷ್ಟೇ.

"ಅವಳು ಹೊಸ್ತಿಲು ದಾಟೋಕೆ ಮುಂಚೆ ನನ್ನ ಕೈ ಹಿಡ್ಕೊಂಡು ಕೇಳಿದ್ಲು, 'ಅಕ್ಕಾ, ಮಾವ ಬಂದ್ರು. ಸರಿ. ಹಾಗಾದ್ರೆ ನನ್ನ ಗಂಡ ಎಲ್ಲಿ ಹೋದ್ರು?'"

ಬೀದಿಯ ನೀರಿನಲ್ಲಿ ಏನೋ ತೇಲಿಬಂದು ಶಟರಿಗೆ ತಾಗಿದ ಸದ್ದಾಯಿತು.

"ಪ್ರೆಸ್ಸಿನ ಯಜಮಾನರು... ಅಂದ್ರೆ ಈಗ ಇರೋರು..." ಎಂದು ಸೊಸೆ ತಡವರಿಸಿದಳು. ಬೀದಿ ತುದಿಯಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುವ, ಬಾಯಲ್ಲಿ ನೇರ ಪೈಪಿನ, ಎಂದೂ ನಗದ ಆ ಮುದುಕರಿಗೆ ಅವಳು ದಿನವೂ ತಲೆ ಬಾಗಿಸಿ ಹೋಗುತ್ತಿದ್ದಳು.

"ಹೂಂ. ಅವರೇ. ಮಗನ ಮೈಯಲ್ಲಿ ಅವರಿಗೆ ಎರಡು ಆಯುಸ್ಸು ಆಯ್ತು ನೋಡು."

"ಮಗ?"

"ಆವತ್ತು ಬಿಟ್ಟುಹೋದ ಪೈಪು ಇದೇ ಮೇಜಿನ ಖಾನೇಲಿದೆ. ಅದನ್ನ ಯಾರೂ ಬಾಯಿಗಿಟ್ಟಿಲ್ಲ. ಗುಬ್ಬಿ ಮಾತ್ರ ಆಗಾಗ ಬರ್ತಾಳೆ, ಈಗ ನನ್ನಷ್ಟೇ ಮುದುಕಿ, ಅದನ್ನ ಮಡಿಲಲ್ಲಿ ಇಟ್ಕೊಂಡು ಮನೆ ಸುದ್ದಿ ಎಲ್ಲ ಹೇಳಿ ಹೋಗ್ತಾಳೆ. ಕೊಂಬಿನ ಮೇಲೆ ಹಲ್ಲಿನ ಗುರುತು ಬಿದ್ದಿದೆ ಮಗಳೇ. ಪೂರ್ತಿ ಸಾಲು. ಎಲ್ಲೂ ಸಂದಿಲ್ಲ. ಮೊದಲು ಗೀರಿನಷ್ಟಿತ್ತು, ಆಮೇಲೆ ಉಗುರು ಕೂರೋಷ್ಟು... ಕತ್ತಲೆ ಜಾಗದಲ್ಲಿ ಹೆದರಿದೋನು ಹಲ್ಲು ಕಚ್ಕೊಂಡಿರಲ್ವಾ, ಹಾಗೆ. ಹೋದ ವಾರ ಗುಬ್ಬಿ ಬೆರಳಿಟ್ಟು ತೋರಿಸಿದ್ಲು: ಒಳಗಿನ ತೂತು ಕಾಣೋಕೆ ಶುರುವಾಗಿದೆ. ಇನ್ನೊಂದು ಚೂರು ಕಚ್ಚಿದ್ರೆ ಕೊಳವೆ ತುಂಡಾಗಿಬಿಡುತ್ತೆ."

ಅಜ್ಜಿ ಶಾಲನ್ನು ಎಳೆದುಕೊಂಡು, ಕೋಣೆಯಲ್ಲಿದ್ದವರ ಮುಖಗಳನ್ನು ನಿಧಾನವಾಗಿ, ಒಂದನ್ನೂ ಬಿಡದೆ ನೋಡಿದರು.

"ಒಳ್ಳೆ ಹುಡುಗ, ಯಾರಿಗೂ ಕೇಡು ಬಯಸಿದೋನಲ್ಲ... ಆದ್ರೆ ಅದು ತುಂಡಾದ ಮೇಲೆ ಅವನೂ ಎಲ್ಲಾದ್ರೂ ಇರ್ಬೇಕಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಈಚೆಗೆ ಹಲ್ಲು ಅಲುಗಾಡ್ತಿದೆಯಾ?"