ಉಳವಪ್ಪನ ಫ್ಲಾಪಿ

ಸುಳ್ಳು ಅನ್ನಾವ್ರು ಈಗ ಎದ್ದು ಹೋಗ್ರಿ. ಇದು ನಮ್ಮ ಚಿಗವ್ವನ ಮಗ ನಿಂಗರಾಜಗ ಆದದ್ದು, ಎರಡು ಸಾವಿರದ ಮೂರರಾಗ.

ರಾತ್ರಿ ಹತ್ತು ಹೊಡದಿತ್ತು. ದೊಡವಾಡದಿಂದ ಹೊಲದ ಹಾದಿ ಹಿಡಿದು ಒಬ್ಬನ ಹೊಂಟಿದ್ದ. ಕಿಸೆದಾಗ ಒಂದು ಫ್ಲಾಪಿ. ಮುಂದ... ಹಾಳಬಾವಿ.

ಬೈಲಹೊಂಗಲದಾಗ ಕಂಪ್ಯೂಟರ್ ಕ್ಲಾಸ್ ಇಟ್ಟಿದ್ದ ನಮ್ಮ ಶಾಣ್ಯಾ. ಸವದತ್ತಿ ಕಡೆ ಒಂದು ಕಾಲೇಜಿಗೆ ಹಾಲ್ ಟಿಕೆಟ್ ಛಾಪಸೂ ಪ್ರೋಗ್ರಾಮ್ ಮಾಡಿ, "ಎಲ್ಲಾ ನಂದ" ಅಂತ ಎದಿ ಉಬ್ಬಿಸಿ ತಿರಗತಿದ್ದ. ಏನ್ ಮಣ್ಣೋ ನಿಂದು! ಅದರಾಗ ಕನ್ನಡ ಅಕ್ಷರ ಮೂಡಸೂ ತುಂಡು ದೊಡವಾಡದ ಉಳವಪ್ಪ ಬರದದ್ದು. ಪುಕ್ಕಟ ಕೊಟ್ಟಿದ್ದ, ದೇವರಂಥಾ ಮನಿಷ್ಯಾ. ಕೇಳಿದ್ದು ಒಂದ ಮಾತು, ಅದರಾಗಿಂದ ನನ್ನ ಹೆಸರು ಅಳಸಬ್ಯಾಡ್ರಿ ಅಂತ. ಹಿಂದಿನ ವರ್ಸ ಅದ ಹಾಳಬಾವ್ಯಾಗ ಕಾಲು ಜಾರಿ ಸತ್ತ. ಮಣ್ಣು ಕೊಟ್ಟು ವಾರ ಆಗಿದ್ದಿಲ್ಲ, ಈ ನಿಂಗರಾಜ ಅವನ ಹೆಸರು ಅಳಿಸಿ ತನ್ನ ಹೆಸರು ಬರಕೊಂಡ. ಥೂ!

ಕಾಲೇಜಿನ್ಯಾಗ ವಿಂಡೋಸ್ ಇರಲಿಲ್ಲ, ಲಿನಕ್ಸ್ ಇತ್ತು. ಅದಕ್ಕ ಕೂಡೂ ತುಂಡು ಬ್ಯಾರೆ. ತಾನ ತಿದ್ದೇನಂದ್ರ ತಲಿಯೊಳಗ ಏನರ ಇರಬೇಕಲ್ಲ? ಮರುದಿನ ಹತ್ತಕ್ಕ ಟಿಕೆಟ್ ಬರದಿದ್ರ ಎಲ್ಲಾರ ಮುಂದ ಬಣ್ಣ ಬಯಲು. ಉಳವಪ್ಪ ಅದನ್ನೂ ಒಂದು ಫ್ಲಾಪಿಯೊಳಗ ಮಾಡಿಟ್ಟಿದ್ದ. ಹಿಂಗಾಗಿ ಅವತ್ತ ಸಂಜಿಕ ದೊಡವಾಡಕ್ಕ ಅವರವ್ವ ಸಿದ್ದಲಿಂಗವ್ವನ ಮುಂದ ಹೋಗಿ ಕೈಯೊಡ್ಡಿದ.

"ನನ್ನ ಮಗನ ಹೆಸರು ಅದರಾಗ ಹಂಗ ಇಟ್ಟೀಯಿಲ್ಲೊ ಯಪ್ಪಾ?"

"ಇಟ್ಟೇನ್ರಿ ಯವ್ವಾ," ಅಂದು ಫ್ಲಾಪಿ ಇಸಗೊಂಡ. ನಾಚಿಕಿಗೇಡಿ.

ಬಾವಿ ಹತ್ರ ಬಂತು. ಗಾಳಿ ಇಲ್ಲ. ಎಲಿ ಅಲುಗವಲ್ದು.

ಟಕ್... ಟಕ್... ಟಕ್...

ಕೀಬೋರ್ಡಿನ ಒಂದ ಗುಂಡಿ ಯಾರೋ ಒತ್ತಿ ಒತ್ತಿ ಬಿಟ್ಟಂಗ. ಬಾವಿಯೊಳಗಿಂದ.

"ಹೆಸರು ಐತೇನ್ರಿ?" ಪಿಸುದನಿ. ಉಳವಪ್ಪನ್ದ.

"ಐ... ಐತೋ."

"ಖರೇನ್ರಿ?"

"ಖರೇನೋ. ನಿನ್ನಾಣಿ."

ಸತ್ತಾವನ ಮ್ಯಾಲ ಆಣಿ ಇಟ್ಟ ನೋಡ್ರಿ, ಸುಳಿಮಗ!

ಟಕ್. ಆಮ್ಯಾಲೆ ಸದ್ದ ಇಲ್ಲ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮುಂಜಾನಿ ತುಂಡು ಕೂಡ್ತು. ಟಿಕೆಟ್ ಛಂದಂಗ ಬಂದ್ವು, ಹುಡುಗರ ಹೆಸರು ಒಂದೂ ತಪ್ಪಿಲ್ಲ. ಕೆಳಗ 'ತಯಾರಿಸಿದವರು' ಅಂತಿತ್ತು, ಅದರ ಮುಂದ ಖಾಲಿ. ಮತ್ತ ತನ್ನ ಹೆಸರು ಹೊಡದ. ಖಾಲಿ. ಪ್ರಿನ್ಸಿಪಾಲ್ರು "ಮಾಡಿದಾವ್ರು ಯಾರ್ರಿ?" ಅಂತ ಕೇಳಿದ್ರ ಫ್ಲಾಪಿ ಕಿಸೆದಾಗ ಹಾಕ್ಕೊಂಡು ಅಲ್ಲಿಂದ ಜಾರಕೊಂಡ. ಬೈಲಹೊಂಗಲಕ್ಕ ಬಂದು ವಿಂಡೋಸಿನ್ಯಾಗ ಹೊಡದ. ಅಲ್ಲೂ ಖಾಲಿ.

ಅವತ್ತಿಂದ ಯಾವ ಕಂಪ್ಯೂಟರಿನ್ಯಾಗೂ ಅವನ ಹೆಸರು ಮೂಡಿಲ್ಲ. ನಂಬೂದಿಲ್ಲೇನು? ಅವನ ಲಗ್ನಪತ್ರ ನಮ್ಮ ಮನ್ಯಾಗ ಐತಿ, ಬರ್ರಿ, ತೋರಸ್ತೇನಿ. ಹೆಣ್ಣಿನ ಹೆಸರು ಛಾಪ ಆಗೇತಿ, ಅವರಪ್ಪನ್ದೂ ಆಗೇತಿ. ವರನ ಜಾಗಾದಾಗ ಬಾಲ್‌ಪೆನ್ನಲೆ ಬರದೈತಿ... ಆರುನೂರು ಪತ್ರಕ್ಕೂ ತಾನ ಕುಂತು ಬರದಾನ.