ಕೆಟಲಿನಲ್ಲಿ ಉಳಿದ ಕಾಫಿ

ಶ್ರೀಮಂತರ ಕಥೆ ಬಹಳ ಕೇಳಿದ್ದೀರಿ. ಇವತ್ತು ಒಬ್ಬ ಗೋಲ್‌ಕೀಪರನ ಕಥೆ ಕೇಳಿ. ಒಂದು ಗಣಿ ಊರಿನವನು. ಎದುರಾಳಿ ಚೆಂಡು ಒದೆಯುವ ಗಳಿಗೆಯವರೆಗೂ ಕದಲದೆ ನೋಡಿ, ಆಮೇಲೆ ಹಾರುವವನು. ಅವನ ಬಲವೇ ಆ ತಾಳ್ಮೆ.

ತಂಡಕ್ಕೊಂದು ಪದ್ಧತಿ ಇತ್ತು. ಆಟಕ್ಕೆ ಮುಂಚೆ ಕಾಫಿ ಅಂಗಡಿಯ ಅಜ್ಜಿ ಒಂದು ಕೆಟಲ್ ಗಟ್ಟಿ ಕಾಫಿ ತಂದಿಡಬೇಕು, ಎಲ್ಲರಿಗೂ ಒಂದೊಂದು ಲೋಟ. ಬುದ್ಧಿ ಚುರುಕಾಗುತ್ತದೆ ಅಂತ. ಚುರುಕಾಗುತ್ತಿತ್ತು ಕೂಡ, ಸುಳ್ಳಲ್ಲ. ಆದರೆ ಕೆಟಲಿನಲ್ಲಿ ಉಳಿಸಿದರೆ ಸೋಲು ಖಂಡಿತ ಎಂದು ನಂಬಿದ್ದರು. ಸಾಲಿನ ಕೊನೆಗೆ ನಿಲ್ಲುವವನು ಗೋಲ್‌ಕೀಪರ್. ಉಳಿದದ್ದೆಲ್ಲ ಅವನ ಪಾಲು.

ನೋಡಿ, ಪಂದ್ಯ ದೊಡ್ಡದಾದಂತೆ ಮಿಕ್ಕವರಿಗೆ ಸೋಲಿನ ಭಯ, ಕಾಫಿಯೇ ಬೇಡವಾಗುತ್ತಿತ್ತು. ಅರ್ಧ ಲೋಟ ಸಾಕು ಅಂದ ಒಬ್ಬ. ನನಗೆ ಬೇಡವೇ ಬೇಡ ಅಂದ ಇನ್ನೊಬ್ಬ. ಸೆಮಿಫೈನಲ್ ದಿನ ಇವನೊಬ್ಬನೇ ಐದು ಲೋಟ ಕುಡಿದ. ಏನಾಯಿತು? ಕೈ ನಡುಗಿತು, ಎದೆ ಡವಡವ ಎಂದಿತು. ಎದುರಾಳಿ ಒದೆಯುವ ಮೊದಲೇ ಇವನು ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು. ಒಂದು ಸಲವಲ್ಲ, ಎರಡು ಸಲ. ತಂಡ ಹೇಗೋ ಗೆದ್ದಿತು. ಇವನು ಮಾತ್ರ ಪುಕ್ಕಲ ಎಂದು ಊರೆಲ್ಲ ಆಡಿಕೊಂಡಿತು. ಅವನೂ ಅದನ್ನೇ ನಂಬಿದ. ಫೈನಲ್ ದಿನ, ನಾನಿನ್ನು ಆಡುವುದಿಲ್ಲ ಎಂದು ಕ್ಯಾಪ್ಟನ್‌ಗೆ ಹೇಳಲು ಹೊರಟ.

ದಾರಿಯಲ್ಲಿ ಕೆಟಲ್ ಹಿಡಿದ ಅಜ್ಜಿ ಎದುರಾದಳು. ಅವನ ಗೋಳು ಪೂರ್ತಿ ಕೇಳಿ, ಅವತ್ತು ಕುಡಿದದ್ದೆಷ್ಟು ಎಂದಳು. ಐದು ಲೋಟ ಅಂದ.

"ಅಯ್ಯೋ ಮಗಾ, ಅದು ಭಯ ಅಲ್ಲ ಕಣೋ, ನನ್ನ ಡಿಕಾಕ್ಷನ್ನು. ಒಂದು ಲೋಟ ನಿಂದು. ಮಿಕ್ಕಿದ್ದು ಅವರ ಪುಕ್ಕಲುತನ. ಅದನ್ನ ನೀನ್ಯಾಕೆ ಕುಡೀತೀಯ?"

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು ಅವನಿಗೆ. ನಗು ಬಂತು, ಕಣ್ಣೂ ತುಂಬಿತು. ಅವತ್ತು ಒಂದೇ ಲೋಟ ಕುಡಿದು, ಉಳಿದದ್ದನ್ನು ಎಲ್ಲರೆದುರೇ ನೆಲಕ್ಕೆ ಸುರಿದ. ತಂಡ ಹೌಹಾರಿತು. ತಂಡ ಒಂದು ಗೋಲಿನಿಂದ ಮುಂದಿತ್ತು, ಕೊನೆಯ ನಿಮಿಷದಲ್ಲಿ ಎದುರಾಳಿಗೆ ಪೆನಾಲ್ಟಿ. ಎದುರಾಳಿ ಓಡಿ ಬಂದ. ಇವನು ಕಾದ. ಕಾಲು ಚೆಂಡಿಗೆ ತಾಗುವ ತನಕ ಕಾದ. ಚೆಂಡು ಬಂದು ಎರಡೂ ಕೈಯಲ್ಲಿ ಕೂತಿತು.

ಈಗ ನಿಮ್ಮ ಮನೆಗೆ ಬರೋಣ. ಅಲ್ಲಿ ಸಾಲಿನ ಕೊನೆಗೆ ಯಾರು ನಿಂತಿದ್ದಾರೆ? ಅಮ್ಮನೋ, ಸೊಸೆಯೋ? ನೀವು ಅರ್ಧಕ್ಕೆ ಬಿಟ್ಟ ಕೆಲಸ, ನಿಮಗೆ ನುಂಗಲಾಗದ ಚಿಂತೆ, ಎಲ್ಲ ಯಾರ ಲೋಟಕ್ಕೆ ಹೋಗುತ್ತಿದೆ? ಆಮೇಲೆ ಅವರು ಸಿಡುಕಿದರೆ, ಅವರ ಸ್ವಭಾವವೇ ಹಾಗೆ ಅನ್ನುತ್ತೀರಿ. ಇವತ್ತಿನಿಂದ ನಿಮ್ಮ ಲೋಟ ನೀವೇ ಕುಡಿಯಿರಿ. ಕೊನೆಯಲ್ಲಿ ನಿಂತವರೇ, ನಿಮಗೂ ಒಂದು ಮಾತು. ಉಳಿದದ್ದನ್ನು ಚೆಲ್ಲಿಬಿಡಿ. ಪಾಪ ಬರುವುದಿಲ್ಲ, ನಾನು ಹೇಳುತ್ತೇನೆ.