ಲೈಸೆನ್ಸ್ ಕೇಳಲು ಬಂದವನು

ಆ ಶನಿವಾರ ಸಂಜೆ ಕಾಪೆಲ್ಲೆಯಲ್ಲಿ ಜಡಿಮಳೆ ಹಿಡಿದುಕೊಂಡಿತ್ತು. ಹಾರ್ಲೆಮ್‌ಗೆ ವಾಪಸಾಗುವ ರೈಲುಗಳೆಲ್ಲ ರದ್ದಾಗಿ ನಾನು, ಕಿರಣ್, ತಲತ್ ಮೂವರೂ ನಂಜುಂಡಸ್ವಾಮಿಯವರ ಮನೆಯಲ್ಲೇ ಉಳಿದೆವು. ಅವರು ಡಚ್ಚರ ಈ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿದ ಹಿರಿಯರು. ಹೆಂಡತಿ ಊರ್ಮಿಳಮ್ಮನಿಗೆ ಮರೆವಿನ ಕಾಯಿಲೆ; ಮಹಡಿಯ ಕೋಣೆ ಬಿಟ್ಟು ಕೆಳಗಿಳಿಯುವುದಿಲ್ಲ. ಮುಂಬಾಗಿಲ ಮೇಲೆ ಬಣ್ಣದಲ್ಲಿ ಏನೋ ಬರೆದು ಉಜ್ಜಿ ತೆಗೆದ ಗುರುತಿತ್ತು. ಅದೇನೆಂದು ತಲತ್ ಕೇಳಿದ್ದೇ ತಪ್ಪಾಯಿತು, ಹಿರಿಯರಿಗೆ ಸಿಟ್ಟು ನೆತ್ತಿಗೇರಿತು.

"ಕೂತ್ಕೊಳ್ಳಿ, ಹೇಳ್ತೀನಿ... ನಗಬಾರದು ಮತ್ತೆ. ಊರ್ಮಿಳಾಗೆ ನಾನ್ಯಾರು ಅನ್ನೋದೇ ಮರೆತುಹೋಗಿತ್ತು. ಇಷ್ಟು ವರ್ಷ ಜೊತೇಲಿ ಬಾಳಿದೋನನ್ನ ನೋಡಿ 'ಯಾರು ಬೇಕಾಗಿತ್ತು?' ಅಂತಾಳೆ. ಹೊಟ್ಟೆ ಉರಿಯಲ್ವಾ? ಆಗ ಇಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡೀಲಿ ಒಂದು ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿ ಸಿಕ್ತು. ಈ ಕಿರಣನೇ ಅದಕ್ಕೊಂದು ಡಬ್ಬ ಸಿಕ್ಕಿಸಿ ಹಳೇ ಕನ್ನಡ ಪಿಕ್ಚರ್ ಬರೋ ಹಾಗೆ ಮಾಡಿಕೊಟ್ಟ. ಮದುವೆಯಾದ ಹೊಸದರಲ್ಲಿ ಮೈಸೂರಲ್ಲಿ ಅಂಥದ್ದರ ಮುಂದೇನೇ ಕೂರ್ತಿದ್ವಿ ನೋಡಿ... ಹಾಕಿದ್ದೇ ತಡ, ನನ್ನ ಕಡೆ ತಿರುಗಿ 'ಕಾಫಿ ಕುಡಿದ್ರಾ?' ಅಂದ್ಲು. ಟಿವಿ ಓಡೋಷ್ಟು ಹೊತ್ತು ನಾನು ಅವಳ ಗಂಡ. ಆರಿಸಿದ್ರೆ ಯಾರೋ.

"ಒಂದು ಸಂಜೆ ಬೆಲ್ ಆಯ್ತು. ಉದ್ದ ಕೋಟಿನ ಆಸಾಮಿ, ಟಿವಿ ಇಟ್ಕೊಳ್ಳೋಕೆ ಸರ್ಕಾರಕ್ಕೆ ದುಡ್ಡು ಕಟ್ಟಿದ ಲೈಸೆನ್ಸ್ ತೋರಿಸು ಅಂದ. ಈ ದೇಶದಲ್ಲಿ ಆ ಕಾನೂನು ತೆಗೆದುಹಾಕಿ ಎಷ್ಟು ಕಾಲವಾಯ್ತು? ಹಾಗಂತ ಹೇಳಿದೆ, ಕೇಳಿದ್ರೆ ತಾನೆ. ಲೈಸೆನ್ಸ್ ಇಲ್ಲದಿದ್ರೆ ಟಿವಿ ಎತ್ಕೊಂಡು ಹೋಗ್ತೀನಿ ಅಂತಾನೆ. ಹೊರಗೆ ಧೋ ಅಂತ ಮಳೆ, ಅವನ ಕೋಟಿನ ಮೇಲೆ ಒಂದು ಹನಿ ಇಲ್ಲ... ಆಗ ಅರ್ಥವಾಯ್ತು. ಬದುಕಿದ್ದಾಗ ಜನರನ್ನ ಗೋಳು ಹೊಯ್ಕೊಂಡಿದ್ದು ಸಾಲದು ಅಂತ ಸತ್ತ ಮೇಲೂ ಡ್ಯೂಟಿ. ಇಂಥ ಅನ್ಯಾಯ ಎಲ್ಲಾದ್ರೂ ಉಂಟಾ?

"ಮುಖದ ಮೇಲೆ ಬಾಗಿಲು ಹಾಕಿದೆ. ನಮ್ಮ ಕಡೆ ದೆವ್ವ ಬಾಗಿಲು ತಟ್ಟಿದ್ರೆ ಏನ್ಮಾಡ್ತೀವಿ? 'ನಾಳೆ ಬಾ' ಅಂತ ಬರೀತೀವಿ. ಅದು ಓದ್ಕೊಂಡು ಹೋಗುತ್ತೆ, ಮಾರನೇ ದಿನವೂ ಓದ್ಕೊಂಡು ಹೋಗುತ್ತೆ. ನಾನೂ ಬರೆದೆ, ಅವನಿಗೆ ತಿಳೀಲಿ ಅಂತ ಡಚ್ಚಲ್ಲೇ ಬರೆದೆ. ಅಲ್ಲೇ ಎಡವಟ್ಟಾಗಿದ್ದು. ಈ ದೇಶದಲ್ಲಿ ನಾಳೆ ಬಾ ಅಂದ್ರೆ ಅಪಾಯಿಂಟ್‌ಮೆಂಟ್ ಕಣ್ರಪ್ಪಾ... ಸ್ನೇಹಿತರ ಮನೆ ಕಾಫಿಗೂ ಡೈರಿ ನೋಡೋ ಜನ ಇವರು. ಮಾರನೇ ಸಂಜೆ ಅದೇ ಹೊತ್ತಿಗೆ ಹಾಜರು. ನಾನು ಬಾಗಿಲು ತೆಗೀಲಿಲ್ಲ. ಆದ್ರೆ ನಾನೇ ಕರೆದಿದ್ದೀನಲ್ಲ, ಬಾಗಿಲು ಯಾಕೆ ಬೇಕು ಅವನಿಗೆ? ಸೀದಾ ಮೇಲೆ ಹೋದ.

"ಓಡಿಹೋಗಿ ನೋಡಿದ್ರೆ ಟಿವಿ ಎತ್ತಿಲ್ಲ, ಪಿಕ್ಚರ್ ನೋಡ್ತಾ ನಿಂತುಬಿಟ್ಟಿದ್ದಾನೆ. ಊರ್ಮಿಳಾ ಪಕ್ಕದ ಕುರ್ಚಿ ತೋರಿಸಿದ್ಲು, ಕೂತ. ನನ್ನ ಕುರ್ಚಿ ಅದು. ಬರೆದಿದ್ದನ್ನ ಅವತ್ತೇ ಉಜ್ಜಿ ತೆಗೆದೆ, ಏನು ಬಂತು? ದಿನಾ ಬರ್ತಾನೆ. ನನ್ನ ಲೈಸೆನ್ಸ್ ಕೇಳಿದೋನು ಪುಕ್ಕಟೆ ಪಿಕ್ಚರ್ ನೋಡ್ತಾನಲ್ಲ, ಅವನ ಲೈಸೆನ್ಸ್ ಯಾರು ಕೇಳ್ಬೇಕು? ಟಿವಿ ಎಸೆದುಬಿಡೋಣ ಅಂದ್ರೆ... ಎಸೆದ್ರೆ ಅವಳ ಪಾಲಿಗೆ ನಾನೇ ಇಲ್ಲ.

"ಮೇಲೆ ಸದ್ದು ಕೇಳ್ತಿದೆಯಲ್ಲ, ಈಗ ಪಿಕ್ಚರ್ ಶುರುವಾಯ್ತು. ಇನ್ನೇನು ಊರ್ಮಿಳಾ 'ರೀ' ಅಂತ ಕೂಗ್ತಾಳೆ, ಸುಮ್ನೆ ಕೇಳಿ. ನಾನು ಏಳಲ್ಲ. ನಿನ್ನೆ ಎದ್ದು, 'ಬಂದೆ' ಅಂತ ಮೇಲೆ ಹೋಗಿದ್ದೆ... ಅವನ ಪಕ್ಕ ಕೂತಿದ್ದೋಳು ತಿರುಗಿ ನೋಡಿ, 'ನಿಮ್ಮನ್ನಲ್ಲ ಕರೆದಿದ್ದು' ಅಂದ್ಲು."